ನೀಲಿ ನೂಲಿನ ಆಷಾಢ

ಮೊನ್ನೆ ಸೀರೆಗಳ ಗಂಟು ಹೊತ್ತು ನರಗುಂದಕ್ಕೆ ಹೋಗಿದ್ದೆ. ಬಸ್ಸಿನಿಂದಿಳಿದು ಸಾಹುಕಾರರ ಅಂಗಡಿ ಮುಟ್ಟುವುದರೊಳಗೆ ಮಳೆ ಹಿಡಿಯಿತು. ಗಂಟನ್ನು ಎದೆಗವಚಿಕೊಂಡು ಉಳಿಸಿದೆ. ನಾನು ಮಾತ್ರ ತೊಯ್ದು ತೊಪ್ಪೆಯಾದೆ. ಕಟ್ಟೆ ಹತ್ತಿ ಸೀನಿದ್ದೇ ತಡ, ಸಾಹುಕಾರರು ಗಾದಿಯ ಮೇಲಿಂದಲೇ ಮೂಗಿನಲ್ಲಿ ರಾಗ ಎಳೆದರು: "ಏ ಸಂಗ್ಯಾ, ಸೀರಿ ಮ್ಯಾಲೆ ಸೀನಬ್ಯಾಡೋ ಮಾರಾಯಾ!" ನಾನೂ ಅದೇ ಮೂಗು, ಅದೇ ರಾಗ ಹಿಡಿದು, "ಇಲ್ರೀ ಸಾಹುಕಾರ್ರ, ನಿಮ್ಮ ಗಾದಿ ಮ್ಯಾಲೆ ಸೀನತೀನ್ರಿ" ಅಂದೆ. ಗುಮಾಸ್ತರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಾಹುಕಾರರೂ ನಕ್ಕರು ಅನ್ನಿ. ನನ್ನನ್ನು ಬೈಯುವವರಿಗೆ ಅದೊಂದು ಕಷ್ಟ, ಬೈದರೆ ಆ ಬೈಗುಳವನ್ನೇ ತಮ್ಮ ದನಿಯಲ್ಲಿ ತಿರುಗಿ ಕೇಳಬೇಕಾಗುತ್ತದೆ.

ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ, "ಆ ನಕಲಿ ಮಾಡೂ ಹುಡುಗಗ ಇದನ್ನ ಕೊಡ್ರಿ, ನೆಗಡಿ ಎದಿಗೆ ಇಳದೀತು" ಎಂದು ಹಿತ್ತಾಳೆಯ ಲೋಟವೊಂದನ್ನು ಕಳಿಸಿದರು. ಬಾಯಿಯ ಹತ್ತಿರ ಒಯ್ದೆ. ಒಣಶುಂಠಿ, ಮೆಣಸು, ತುಳಸಿ, ಅದರ ಕೆಳಗೆ ಆಡುಸೋಗೆ ಎಲೆಯ ಹಸಿ ಕಹಿ. ಬಿಸಿ ಹಬೆ ಮುಖಕ್ಕೆ ಬಡಿದದ್ದೇ, ಅಂಗಡಿಯ ನಗೆಯೆಲ್ಲ ಯಾರೋ ಬಾಗಿಲು ಮುಚ್ಚಿದಂತೆ ದೂರ ಹೋಯಿತು. ಕಿವಿಯೊಳಗೆ ಮಗ್ಗದ ಸದ್ದು ಶುರುವಾಯಿತು. ಐವತ್ತೇಳರ ಆಷಾಢ, ಗಜೇಂದ್ರಗಡದ ನಮ್ಮ ಓಣಿ.

"ಯಾಕೋ, ಕಹಿಗೆ ಅಂಜಿದೇನ?" ಎಂದು ಸಾಹುಕಾರರು ಕೇಳಿದರು. ಆ ಮಾತನ್ನು ಮಾತ್ರ ನಾನು ಅವರ ದನಿಯಲ್ಲಿ ತಿರುಗಿಸಲಿಲ್ಲ.

ನಮ್ಮ ಓಣಿ ಗುಡ್ಡದ ಬುಡಕ್ಕಿದೆ. ಮನೆಗೊಂದು ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥದು. ನನ್ನ ಕೆಲಸ ಕಂಡಿಕೆ ಸುತ್ತುವುದು, ಎಂದರೆ ಅಡ್ಡನೂಲು ಹಾಯಿಸುವ ಲಾಳಿಯೊಳಗೆ ಇಡುವ ಸಣ್ಣ ಕಡ್ಡಿಗೆ ನೂಲು ಸುತ್ತಿ ಕೊಡುವುದು. ಅದು ಕೈಯ ಕೆಲಸ. ಬಾಯಿಯ ಕೆಲಸ ಬೇರೆ: ಓಣಿಯ ಎಲ್ಲರನ್ನೂ ಅಣಕಿಸುವುದು. ಎದುರು ಮನೆಯ ಹನಮಪ್ಪ ಕಾಕಾ ಬೀಡಿ ಸೇದುವ ಮೊದಲೊಂದು, ಸೇದಿದ ಮೇಲೊಂದು ಕೆಮ್ಮುವುದನ್ನು ಬೇರೆ ಬೇರೆ ಮಾಡಿ ತೋರಿಸುತ್ತಿದ್ದೆ. ಮಗ್ಗಗಳನ್ನೂ ಬಿಟ್ಟವನಲ್ಲ. ಕಾಕಾನ ಮಗ್ಗ ಕುಂಟುತ್ತದೆ, ಖಟಕ್-ಖಟ, ಖಟಕ್-ಖಟ, ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ನಾನು ಅದನ್ನು ಮಾಡಿದರೆ ಕಾಕಾ ತನ್ನ ಮನೆಯೊಳಗಿಂದ, "ಯಾವ ಮಗನೋ ನನ್ನ ಮಗ್ಗಕ್ಕ ಕೂತಾಂವ?" ಎಂದು ಓಡಿ ಬರುತ್ತಿದ್ದ. ಬಂದು ನೋಡಿದರೆ ಕಟ್ಟೆಯ ಮೇಲೆ ನಾನು, ಮಂಗನಂತೆ.

ನನಗೆ ಬಗ್ಗದಿದ್ದವನು ಒಬ್ಬನೇ, ನಮ್ಮ ಅಣ್ಣ ಈರಣ್ಣ. ಅಪ್ಪ ತೀರಿದ ಮೇಲೆ ಮನೆಯ ಮಗ್ಗ ಅವನದು. ಮಾತಿಲ್ಲ, ಕತೆಯಿಲ್ಲ. ನಕ್ಕರೂ ಮೀಸೆಯೊಳಗೆ ನಕ್ಕು ಅಲ್ಲೇ ಮುಗಿಸುವವನು. ಅವನನ್ನು ಅಣಕಿಸಲು ಹಿಡಿಯುವುದೆಲ್ಲಿ? ಅವನ ಮಗ್ಗವಾದರೂ ಬಾಯಿಗೆ ಹತ್ತೀತೇನೋ ಎಂದು ನೋಡಿದೆ. ಹತ್ತಲಿಲ್ಲ. ಬೇರೆಯವರಂತೆ ಅವನು ಒಂದೇ ಉಸಿರಿಗೆ ನೇಯುತ್ತಿರಲಿಲ್ಲ. ಅಷ್ಟಿಷ್ಟು ನೇಯ್ದು ಕೈ ನಿಲ್ಲಿಸಿ, ನೇಯ್ದ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿ, ಮತ್ತೆ ಲಾಳಿ ಹೊಡೆಯುತ್ತಿದ್ದ. ಸದ್ದನ್ನು ಬಾಯಿಂದ ಮಾಡಬಹುದು. ಆ ನಡುವಿನ ಸುಮ್ಮನಿರುವಿಕೆಯನ್ನು ಯಾವ ಬಾಯಿಂದ ಮಾಡುವುದು?

ಆ ವರ್ಷ ಪಂಚಮಿಗೆಂದು ಓಣಿಗೆಲ್ಲ ಒಂದೇ ಕೆಲಸ ಬಂದಿತ್ತು. ನೀಲಿ ಸೀರೆ, ಕೆಂಪು ದಡಿ. ಎಲ್ಲ ಮನೆಯಲ್ಲೂ ನೀಲಿ ನೂಲು. ಹೊಸ ಬಣ್ಣ, ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕೈ ನೀಲಿ, ಉಗುರು ನೀಲಿ, ತುಟಿ ಎಲ್ಲಕ್ಕಿಂತ ನೀಲಿ. ತುಟಿಗೇಕೆ ಎಂದರೆ, ಲಾಳಿಗೆ ಕಂಡಿಕೆ ಇಟ್ಟಮೇಲೆ ನೂಲಿನ ತುದಿಯನ್ನು ಲಾಳಿಯ ಮಗ್ಗುಲಿನ ಸಣ್ಣ ತೂತಿನಿಂದ ಹೊರಗೆ ತರಬೇಕು. ಬೆರಳು ಹೋಗುವ ತೂತಲ್ಲ. ತೂತಿಗೆ ತುಟಿ ಹಚ್ಚಿ ಫುಸ್ಸನೆ ಉಸಿರೆಳೆದರೆ ನೂಲು ಬಾಯಿಗೆ ಬರುತ್ತದೆ. ಪ್ರತಿ ಕಂಡಿಕೆಗೂ ಹೀಗೇ. ನಮ್ಮಜ್ಜ ಹಾಗೆ ಮಾಡಿದ, ಅಪ್ಪ ಹಾಗೆ ಮಾಡಿದ. ಸಂಜೆ ಅವ್ವ ಹರಳೆಣ್ಣೆ ಬಟ್ಟೆಯಿಂದ ಎಲ್ಲರ ಬಾಯಿ ಒರೆಸುತ್ತಿದ್ದಳು. ಬಟ್ಟೆಗೆ ನೀಲಿ ಬರುತ್ತಿತ್ತು, ಮರುದಿನ ಮತ್ತೆ ತುಟಿಗೆ ಏರುತ್ತಿತ್ತು.

ಕಾರಹುಣ್ಣಿಮೆ ಕಳೆದಿತ್ತು. ಗುಡ್ಡದ ಮೇಲಿಂದ ಆಷಾಢದ ಗಾಳಿ ಹಗಲೆಲ್ಲ ಹುಯ್ಯೆಂದು ಬೀಸುವುದು, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಹನಮಪ್ಪ ಕಾಕಾನ ಅಳಿಯ ಸೊಲ್ಲಾಪುರದ ಗಿರಣಿಯಿಂದ ಬಂದ, ಕೆಮ್ಮುತ್ತಲೇ ಬಂದ. ಒಣ ಕೆಮ್ಮು, ತಗಡಿನ ಡಬ್ಬಿಯೊಳಗೆ ಹರಳು ಹಾಕಿ ಅಲುಗಾಡಿಸಿದಂತೆ. ನನಗೋ ಹೊಸ ಸರಕು ಸಿಕ್ಕ ಖುಷಿ. ಕಟ್ಟೆಯ ಮೇಲೆ ಕುಳಿತು ಅದನ್ನು ಮಾಡಿ ತೋರಿಸಿದೆ, ಓಣಿ ನಕ್ಕಿತು. ಸ್ವಲ್ಪ ದಿನಕ್ಕೆ ಮಾಡಿ ತೋರಿಸುವ ಕೆಲಸವೇ ಉಳಿಯಲಿಲ್ಲ. ಎಡಮನೆ, ಬಲಮನೆ, ಎದುರುಮನೆ, ಎಲ್ಲ ಕಡೆಯಿಂದಲೂ ಅದೇ ಡಬ್ಬಿ, ಅದೇ ಹರಳು. ನಾನು ಸುಮ್ಮನೆ ಕೂತರೂ ನನ್ನ ಆಟ ತಾನೇ ನಡೆದಂತೆ. ಚಹಾದಂಗಡಿಯಲ್ಲಿ ಪೇಪರು ಓದುವವರು ಇದಕ್ಕೆ ಫ್ಲೂ ಅಂದರು. ಹೆಸರು ಕೇಳಿ ನಮಗೆ ನಗೆ ಬಂತು. ಊದಿದರೆ ಹಾರಿಹೋಗುವಂಥ ಹೆಸರು.

ನಗದೇ ಇದ್ದವರು ಗುರಪಾದಪ್ಪ ಪಂಡಿತರು. ಓಣಿಗೆಲ್ಲ ಅವರದೇ ಔಷಧಿ. ಕಣ್ಣಿಗೆ ಪೊರೆ ಬಂದಿತ್ತು, ಆದರೂ ಗತ್ತಿಗೇನೂ ಕಡಿಮೆಯಿಲ್ಲ. ಯಾವ ಮಾತಿಗೂ ಬಾಲದಲ್ಲಿ "ಶಾಸ್ತ್ರದಾಗ ಐತಿ" ಎಂದು ಸೇರಿಸುವವರು. "ಇವತ್ತ ಜ್ವಾಳದ ರೊಟ್ಟಿ ಉಂಡೆ, ಶಾಸ್ತ್ರದಾಗ ಐತಿ" ಎಂದು ನಾನು ಅವರ ಬೆನ್ನ ಹಿಂದೆಯೇ ಅಣಕಿಸುತ್ತಿದ್ದೆ. ಅವರು ಸಣ್ಣವರಿದ್ದಾಗ ಇಂಥದೇ ದೊಡ್ಡ ಜ್ವರ ಬಂದಿತ್ತಂತೆ. "ಹೆಣ ಹೊತ್ತು ಹೋದವರು ಮನಿಗೆ ಬಂದು ಮಲಗತಿದ್ರು. ಅವರನ್ನ ಹೊರಾಕ ಮತ್ತ ಬ್ಯಾರೆ ಮಂದಿ" ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಶಾಸ್ತ್ರದ ಮಾತು ಸೇರಿಸಲಿಲ್ಲ. ಅದು ನನಗೆ ಸರಿ ಅನ್ನಿಸಲಿಲ್ಲ.

ಓಣಿಗೆಲ್ಲ ಆಗುವಷ್ಟು ಕಷಾಯ ಕುದಿಸಬೇಕು ಅಂದರು. ಅಂಥ ದೊಡ್ಡ ಪಾತ್ರೆ ಇದ್ದದ್ದು ಒಂದೇ, ಹಾಸುನೂಲಿಗೆ ಹಚ್ಚುವ ಗಂಜಿ ಕಾಯಿಸುವ ನಮ್ಮ ಮನೆಯ ಹಂಡೆ. ಬೂದಿ ಹಾಕಿ ತಿಕ್ಕಿ ನಮ್ಮಂಗಳದ ಒಲೆಯ ಮೇಲೆ ಇಟ್ಟೆವು. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ಅಣ್ಣ ಕಡಿದು ತಂದು ಜಜ್ಜಿದ. ಆಡುಸೋಗೆ, ತುಳಸಿ, ನೆಲಬೇವು, ಶುಂಠಿ, ಮೆಣಸು, ಹಿಪ್ಪಲಿ. ನಾಲ್ಕು ಪಾಲು ನೀರು ಒಂದು ಪಾಲು ಆಗುವ ತನಕ ಉರಿ. ಎಷ್ಟು ತಿಕ್ಕಿದರೂ ಹಂಡೆಯ ಗಂಜಿಯ ಹುಳಿವಾಸನೆ ಹೋಗದೆ ಕಷಾಯದೊಳಗೇ ಕುಳಿತಿತ್ತು. ಮಂದಿ ಚೊಂಬು ಹಿಡಿದು ಬಂದು ನಿಂತರು.

ಪಂಡಿತರು ಕೋಲು ಊರಿಕೊಂಡು ನಿಂತು ಹೇಳಿದರು: "ಕಿವಿಗೊಟ್ಟು ಕೇಳ್ರಿ. ಇದು ಜ್ವರ ಕೊಲ್ಲೂ ಔಷಧಿ ಅಲ್ಲ. ಬೆವರು ಬಿಡಸತೈತಿ, ಕಫ ಸಡಲ ಮಾಡತೈತಿ, ಗಂಟಲಾ ಆರಸತೈತಿ. ಈ ಕೋಲು ಐತಲ್ಲ, ಇದರಂಗ. ಊರಾಕ ಬರತೈತಿ; ನಡ್ಯಾವ್ರು ನೀವ. ಜ್ವರ ಬಿಟ್ಟ ಮ್ಯಾಲೂ ಒಂದು ವಾರ ಮಗ್ಗ ಹತ್ತಬ್ಯಾಡ್ರಿ. ಮತ್ತ, ಯಾರದರ ಉಸಿರು ಮ್ಯಾಲಾಗಿ ತುಟಿ ನೀಲಿ ಆತಂದ್ರ ನನ್ನ ಕಡೆ ಬರಬ್ಯಾಡ್ರಿ. ಗಾಡಿ ಕಟ್ಟಿ ಲಗೂನ ರೋಣದ ದವಾಖಾನಿಗೆ ಒಯ್ರಿ."

ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡರು. ಆಗ ನಮ್ಮಣ್ಣ, ಜನ್ಮದಲ್ಲಿ ನಾಲ್ಕು ಜನರ ನಡುವೆ ಬಾಯಿ ಬಿಡದಿದ್ದವನು, ಮೆಲ್ಲಗೆ ಅಂದ: "ಹಂಗಂದ್ರ ಪಂಡಿತ್ರ, ಇಡೀ ಓಣೀನ ಗಾಡಿಗೆ ಹೇರಬೇಕಾಕ್ಕತಿ."

ಹೋ ಎಂದು ನಕ್ಕರು. ಕೆಮ್ಮುವವರು ಕೆಮ್ಮಿನ ನಡುವೆಯೇ ನಕ್ಕರು. ಅವ್ವ ಸೆರಗು ಬಾಯಿಗೆ ಹಚ್ಚಿದಳು. ಪಂಡಿತರೂ, "ಏ ಈರ್ಯಾ, ನೀನೂ ಕಲತಿ?" ಎಂದು ನಕ್ಕುಬಿಟ್ಟರು. ನನಗೆ ಹೊಟ್ಟೆಕಿಚ್ಚು; ಇಂಥ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು. ಅಣ್ಣ ಮಾಡಿದ ಹಾಸ್ಯ ಅದೊಂದೇ. ಆ ನಗೆಯೊಳಗೆ ಪಂಡಿತರ ಮಾತು ಕೊಚ್ಚಿಕೊಂಡು ಹೋದದ್ದು ಅವತ್ತು ಯಾರಿಗೂ ಕಾಣಲಿಲ್ಲ.

ಮೊದಲು ಜ್ವರ ಬಂದದ್ದು ನನಗೆ. ಮೈಯೆಲ್ಲ ಒನಕೆಯಿಂದ ಕುಟ್ಟಿದಂತೆ ನೋವು. "ಅವ್ವಾ ಸತ್ನೆಬೇ!" ಎಂದು ಹೊರಳಾಡಿದರೆ ಅವ್ವ, "ಇದು ಯಾರ ಸೋಗು? ಕಾಕಾಂದೋ ಅವನ ಅಳಿಯಂದೋ?" ಎಂದು ಕೇಳಿದಳು. ಹಣೆ ಮುಟ್ಟಿ ನೋಡಿದ ಮೇಲೆಯೇ ನಂಬಿದ್ದು. ಅಣ್ಣ ಮಗ್ಗ ಬಿಟ್ಟು ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟು, ಮೂಗು ಹಿಡಿದು ಕಷಾಯ ಹೊಯ್ಯುತ್ತಿದ್ದ. ನಾನು ಉಗುಳಿದರೆ ಒರೆಸಿ ಮತ್ತೆ ಹೊಯ್ಯುತ್ತಿದ್ದ. ಬೈಗುಳವಿಲ್ಲ. ಕಂಬಳಿ ಹೊದಿಸಿ ಹಬೆ ಹಿಡಿಸುತ್ತಿದ್ದ. ಬೆವರು ಕಿತ್ತು ಬಂತು, ಎದ್ದು ಕುಳಿತೆ. ಕಷಾಯದ ಪ್ರತಾಪ ಎಂದು ಅವ್ವ ಹಂಡೆಗೆ ವಿಭೂತಿ ಹಚ್ಚಿದಳು.

ಆಮೇಲೆ ಹನಮಪ್ಪ ಕಾಕಾ ಮಲಗಿದ. ನಮ್ಮ ಓಣಿಯಲ್ಲೊಂದು ರೀತಿ ಇದೆ. ನೇಕಾರ ಮಲಗಿದರೂ ಮಗ್ಗ ಮಲಗಬಾರದು. ಹಾಸಿಗೆ ಹಿಡಿದವನ ಮಗ್ಗಕ್ಕೆ ನೆರೆಯವನು ಹೋಗಿ ಕುಳಿತು, ಸೀರೆ ಮುಗಿಸಿಕೊಡಬೇಕು. ಇವನು ಮಲಗಿದ ದಿನ ಅವನು ಬರುತ್ತಾನೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅಣ್ಣ ತನ್ನ ಕೆಲಸ ಮುಗಿಸಿ ಕಾಕಾನ ಮಗ್ಗಕ್ಕೆ ಹೋದ. ಕಾಕಾನ ಲಾಳಿಯನ್ನೇ ಎತ್ತಿಕೊಂಡು, ಕಾಕಾ ತುಟಿ ಹಚ್ಚಿದ ತೂತಿಗೇ ತುಟಿ ಹಚ್ಚಿದ. ಹೀಗೆ ಓಣಿಯ ತುಂಬ ನಡೆದಿತ್ತು. ಜ್ವರ ಹೆಚ್ಚಿದಂತೆ ಒಬ್ಬರು ಇನ್ನೊಬ್ಬರ ಮನೆಗೆ ಹೋಗುವುದು ಹೆಚ್ಚಿತು. ಬೇರೆ ಓಣಿಯವರು, "ನಿಮ್ಮಲ್ಲಿ ಎಲ್ಲಾರೂ ಮಲಗ್ಯಾರಂತ, ಆದ್ರೂ ಮಗ್ಗ ನಿಂತಿಲ್ಲಲ್ಲ!" ಎಂದು ಹೊಗಳುತ್ತಿದ್ದರು. ಖರೇನೇ ನಿಂತಿರಲಿಲ್ಲ. ಆದರೆ ಸದ್ದು ಮನೆ ಬದಲಿಸುತ್ತಿತ್ತು. ಇವನ ಮಗ್ಗದಲ್ಲಿ ಅವನ ಕೈ, ಅವನ ಮಗ್ಗದಲ್ಲಿ ಇನ್ನೊಬ್ಬನದು. ಕಂಡಿಕೆ ಸುತ್ತುತ್ತಾ ಕುಳಿತ ನನಗೆ, ಕಣ್ಣು ಮುಚ್ಚಿದರೆ ಯಾರು ಯಾರ ಮನೆಯಲ್ಲಿದ್ದಾರೆ ಎಂಬುದೇ ತಿಳಿಯದಂತಾಯಿತು. ಬಾವಿಯ ಕಡೆಯ ಮನೆಯ ಮುದುಕಿ ತೀರಿದಳು. ವಯಸ್ಸಾಗಿತ್ತು ಅಂದೆವು. ಅವಳ ಹಿಂದೆಯೇ ಅವಳ ಮಗ ತೀರಿದ. ಅವನಿಗೆ ವಯಸ್ಸಾಗಿರಲಿಲ್ಲ.

ಅಣ್ಣನಿಗೆ ಜ್ವರ ಬಂತು. ಈಗ ಮೂಗು ಹಿಡಿಯುವ ಪಾಳಿ ನನ್ನದು. ಹಿಡಿಸಿಕೊಳ್ಳಲಿಲ್ಲ ಅವನು, ತಾನೇ ಗಟಗಟ ಕುಡಿದು ಲೋಟ ಕೊಟ್ಟ. ಬೆವರಿತು, ಜ್ವರ ಇಳಿಯಿತು. ನನ್ನಂತೆಯೇ. ಪಂಡಿತರು ನಾಡಿ ಹಿಡಿದು ನೋಡಿ, "ಚಲೋ ಆತು. ಒಂದು ವಾರ ಮಗ್ಗದ ಕಡೆ ನೋಡಬ್ಯಾಡ, ಶಾಸ್ತ್ರದಾಗ ಐತಿ" ಅಂದರು. ಅವರು ಅಂಗಳ ದಾಟುವುದರೊಳಗೆ ನಮ್ಮ ಮಗ್ಗ ಸದ್ದು ಮಾಡಿತು. ಅಣ್ಣ ಮಲಗಿದ್ದಾಗ ಅವನ ಮಗ್ಗಕ್ಕೆ ಕುಳಿತು ಸೀರೆಯ ಅರ್ಧ ನೇಯ್ದು ಕೊಟ್ಟವನು ಆಗತಾನೇ ಜ್ವರದಿಂದ ಎದ್ದಿದ್ದ ಕಾಕಾ. "ಅಂವ ಕೆಮ್ಮಕೋತ ಕುಂತಿದ್ದ. ನಾ ಮಲಗಿರಲೇನು?" ಎಂದು ಅಣ್ಣ ಅವ್ವನಿಗೆ ಅಂದ. ಅವ್ವ ಇನ್ನೊಂದು ಲೋಟ ಕಷಾಯ ತಂದಿಟ್ಟಳು.

ಎರಡು ದಿನ ಆಗಿತ್ತೇನೋ. ಮಗ್ಗ ನಿಲ್ಲುವುದು, ಮತ್ತೆ ಹೊಡೆಯುವುದು. ನಿಲ್ಲುವುದು ಅವನ ರೂಢಿಯೇ, ಬಟ್ಟೆ ಸವರುತ್ತಿದ್ದಾನೆ ಅಂದುಕೊಂಡೆ. ಆದರೆ ಆ ಬಿಡುವು ಉದ್ದವಾಗುತ್ತಾ ಹೋಯಿತು. ಸಂಜೆಯ ಹೊತ್ತು ಎದ್ದು ಬಂದು ಗೋಡೆಗೆ ಒರಗಿ ಕುಳಿತ. ಉಸಿರು ಕೇಳಿಸುತ್ತಿತ್ತು. ಅವನನ್ನು ನಗಿಸೋಣ ಎಂದು ಎದುರಿಗೆ ಕುಳಿತೆ. ಕೊನೆಗೂ ಅಣ್ಣನಲ್ಲಿ ಅಣಕಿಸಲು ಒಂದು ಸಿಕ್ಕಿತು ಎಂದು, ಅವನ ಉಸಿರಿಗೆ ಸರಿಯಾಗಿ ನಾನೂ ಉಸಿರಾಡತೊಡಗಿದೆ. ಅವನು ಎಳೆದಂತೆ ಎಳೆದೆ, ಬಿಟ್ಟಂತೆ ಬಿಟ್ಟೆ.

ನನ್ನ ಕೈಲಿ ಆಗಲಿಲ್ಲ. ತಲೆ ತಿರುಗಿತು, ಕಣ್ಣು ಕತ್ತಲೆಯಾಯಿತು, ನೆಲಕ್ಕೆ ಕೈ ಊರಿದೆ. ಗಟ್ಟಿಮುಟ್ಟಾದ ನಾನು ಸ್ವಲ್ಪ ಹೊತ್ತು ಕೂಡ ಎಳೆಯಲಾಗದ ಉಸಿರನ್ನು ಅವನು ಯಾವಾಗಿನಿಂದ ಎಳೆಯುತ್ತಿದ್ದಾನೆ?

"ಅವ್ವಾ," ಅಂದೆ, "ಎಣ್ಣಿ ಬಟ್ಟಿ ತಾ."

"ಈಗಾರ ಒರಸೀನಲ್ಲೋ. ಮತ್ತ ಹತ್ತಿರಬೇಕು ನೂಲು."

"ತಾ ಅಂದೆ."

ಅವ್ವ ಅಣ್ಣನ ತುಟಿಯನ್ನು ಹರಳೆಣ್ಣೆ ಬಟ್ಟೆಯಿಂದ ಒತ್ತಿ ಒರೆಸಿದಳು. ಬಟ್ಟೆ ಬಿಚ್ಚಿ ನೋಡಿದಳು. ಮಡಿಚಿ, ಇನ್ನೊಂದು ಮಗ್ಗುಲಿನಿಂದ ಮತ್ತೆ ಒರೆಸಿದಳು. ಬಟ್ಟೆ ಬೆಳ್ಳಗೆ ಇತ್ತು. ತುಟಿ ನೀಲಿಯಾಗೇ ಇತ್ತು.

ಮಳೆ ಹಿಡಿದಿದ್ದರಿಂದ ಬಸ್ಸು ಬಂದಿರಲಿಲ್ಲ, ರಾತ್ರಿಯ ಕತ್ತಲಲ್ಲಿ ಗಾಡಿ ಹೋಗುವ ದಾರಿಯೂ ಅಲ್ಲ. ಬೆಳಕು ಹರಿಯುತ್ತಲೇ ಕಾಕಾ ಗಾಡಿ ಹೂಡಿದ. ಎರೆಮಣ್ಣಿನ ದಾರಿ, ಗಾಲಿಗೆ ಮಣ್ಣು ಮೆತ್ತಿ ಕುಂಬಾರನ ಚಕ್ರದಂತೆ ದಪ್ಪವಾಗುವುದು, ಇಳಿದು ಕಟ್ಟಿಗೆಯಿಂದ ಕೆರೆಯುವುದು, ಮತ್ತೆ ಹತ್ತುವುದು. ಮಳೆಗೆಂದು ಕಟ್ಟಿದ ತಾಡಪತ್ರಿಯ ಕೆಳಗೆ ಅಣ್ಣನ ತಲೆ ನನ್ನ ತೊಡೆಯ ಮೇಲೆ. ಚೊಂಬಿನ ಕಷಾಯವನ್ನು ತುಟಿಗೆ ಹಚ್ಚಿದರೆ ಒಂದು ಗುಟುಕು ಹೋಗುವುದು, ಉಳಿದದ್ದು ಮಗ್ಗುಲಿಗೆ ಸುರಿಯುವುದು. ದಾರಿ ಸಾಗಲಿ ಎಂದು ಪಂಡಿತರನ್ನು ಅಣಕಿಸಿದೆ, ಸಾಹುಕಾರರನ್ನು ಅಣಕಿಸಿದೆ. ಮುಂದೆ ಕುಳಿತ ಕಾಕಾನನ್ನೂ ಮಾಡಿದೆ. ಕಾಕಾ ಬೈಯಲಿಲ್ಲ, ಎತ್ತಿನ ಬಾಲ ಹಿಡಿದು ಮುಂದೆಯೇ ನೋಡುತ್ತಿದ್ದ.

ಅಣ್ಣ ಕಣ್ಣು ತೆರೆದ. ಒಂದೊಂದೇ ಮಾತು ಹೊರಗೆ ತಂದ. "ಎಲ್ಲಾರನ್ನೂ ಮಾಡತಿ. ನನ್ನ... ಹ್ಯಾಂಗ ಮಾಡತೀಯೋ?"

"ನಿನ್ನ ಏನು ಮಾಡ್ಲೋ ಅಣ್ಣಾ, ನೀ ಮಾತ ಆಡಂಗಿಲ್ಲ."

ಮೀಸೆಯೊಳಗೆ ನಕ್ಕ. ಅಲ್ಲೇ ಮುಗಿಸಿದ.

ರೋಣದ ದವಾಖಾನೆಯ ಡಾಕ್ಟರು ಒಳ್ಳೆಯ ಮನುಷ್ಯ. ವರಾಂಡದ ತುಂಬ ಮಂದಿ ಮಲಗಿದ್ದರೂ ಗಾಡಿಯ ಹತ್ತಿರವೇ ಓಡಿ ಬಂದರು. ಸೂಜಿ ಮಾಡಿದರು, ದಿಂಬು ಇಟ್ಟು ಕೂಡ್ರಿಸಿದರು. "ಏನು ಕೊಟ್ಟೀರಿ?" ಕಷಾಯ ಎಂದು ಹೇಳಿದೆ. "ಕೊಟ್ಟದ್ದು ಚಲೋನ. ಆದ್ರ ಬ್ಯಾನಿ ಎದಿಯೊಳಗ ಇಳದೈತಿ, ಅಲ್ಲಿಗೆ ಕಷಾಯ ಮುಟ್ಟಂಗಿಲ್ಲ. ತುಟಿ ಯಾವಾಗಿಂದ ಹಿಂಗಾಗ್ಯಾವ?"

ನಾನು ಕಾಕಾನ ಮುಖ ನೋಡಿದೆ. ಕಾಕಾ ನನ್ನ ಮುಖ ನೋಡಿದ. ಅವನ ತುಟಿ ನೀಲಿ, ನನ್ನದೂ.

"ನಮ್ಮವು ಯಾವಾಗ್ಲೂ ಹಿಂಗ ಇರತಾವ್ರಿ" ಎಂದು ಕಾಕಾ ಅಂದ.

ಡಾಕ್ಟರಿಗೆ ತಿಳಿಯಲಿಲ್ಲ. ನಾನು ಲಾಳಿ ಹಿಡಿದಂತೆ ಕೈ ಮಾಡಿ, ತುಟಿ ಹಚ್ಚಿ, ಫುಸ್ ಎಂದು ಎಳೆದು ತೋರಿಸಿದೆ. ಬಹಳ ಚಲೋ ಮಾಡಿದೆ, ದಿನವೂ ನೋಡಿದ್ದಲ್ಲವೇ. ಪಕ್ಕದ ಹಾಸಿಗೆಯ ಮುದುಕನೊಬ್ಬ ನಕ್ಕ. ಡಾಕ್ಟರು ನಗಲಿಲ್ಲ. "ಒಬ್ಬರ ಲಾಳಿ ಇನ್ನೊಬ್ಬರು ಹಿಂಗ ಎಳೀತೀರೇನು?" ಎಂದು ಕೇಳಿದರು. ನಾನು ಕೈ ಕೆಳಗಿಟ್ಟೆ.

ಸಂಜೆ ಮಳೆ ನಿಂತ ಹೊತ್ತಿಗೆ ಅಣ್ಣನ ಉಸಿರೂ ನಿಂತಿತು.

ಊರಿಗೆ ತಂದು ಮಣ್ಣು ಮಾಡಿದೆವು. ಪಂಡಿತರು ಬಂದು ಹೊಸ್ತಿಲ ಹೊರಗೇ ಕುಳಿತರು. ಪೊರೆ ಬಂದ ತಮ್ಮ ಕಣ್ಣನ್ನು ಅಂಗೈಯಿಂದ ಒತ್ತಿಕೊಂಡರು, ಕೋಲು ಹುಡುಕಿಕೊಂಡು ಎದ್ದು ಹೋದರು. ಅಂಗಳದ ಹಂಡೆಯ ತಳದಲ್ಲಿ ಕಷಾಯ ಆರಿ ಕಪ್ಪಗೆ ಕೆನೆಗಟ್ಟಿತ್ತು. ಯಾರೂ ಅದನ್ನು ಚೆಲ್ಲಲಿಲ್ಲ, ಕುಡಿಯಲೂ ಇಲ್ಲ.

ಮಗ್ಗದ ಮೇಲೆ ಅಣ್ಣನ ಸೀರೆ ಮುಗಿಯದೆ ನಿಂತಿತ್ತು. ಓಣಿಯ ರೀತಿಯಂತೆ ಕಾಕಾ ಬಂದ, ಅಂಗಿಯ ತೋಳು ಮಡಿಚಿದ. ನಾನು ಬಾಗಿಲಿಗೆ ಅಡ್ಡ ನಿಂತೆ. "ಬ್ಯಾಡ ಕಾಕಾ. ನಾ ಕುಂಡರತೀನಿ."

"ನಿನಗೆಲ್ಲಿ ಬರತೈತೋ ದಡಿ ಹಿಡ್ಯಾಕ? ಕಂಡಿಕಿ ಸುತ್ತು ಅಂದ್ರ ನಕಲಿ ಮಾಡ್ಕೋತ ಕುಂತಾಂವ."

"ಬರೂದಿಲ್ಲ. ಆದ್ರೂ ನೀ ಬ್ಯಾಡ."

ರೋಣದಿಂದ ತಂದದ್ದು ಒಂದೇ ವಸ್ತು, ತುದಿ ಬಗ್ಗಿಸಿದ ತಂತಿ. ಡಾಕ್ಟರು ಹೇಳಿ ಕಾಂಪೌಂಡರನಿಂದ ಮಾಡಿಸಿ ಕೊಟ್ಟಿದ್ದರು. ಕುಣಿಯೊಳಗೆ ಕಾಲಿಟ್ಟು ಕುಳಿತೆ. ಲಾಳಿ ಎತ್ತಿಕೊಂಡೆ. ತುಟಿ ತಾನಾಗಿಯೇ ತೂತಿಗೆ ಹೋಯಿತು. ನಿಲ್ಲಿಸಿ, ತಂತಿ ತೂರಿಸಿ ನೂಲು ಎಳೆದೆ. ಬಾಗಿಲಲ್ಲಿ ನಿಂತ ಕಾಕಾ ನೋಡಿದ. ಮಾರನೆಯ ದಿನ, "ಅಂಥಾದು ನನಗೂ ಒಂದು ಮಾಡಿಕೊಡೋ" ಎಂದು ಕೇಳಿದ. ಈಗ ಓಣಿಯಲ್ಲಿ ಪ್ರತಿ ಮಗ್ಗಕ್ಕೂ ಒಂದೊಂದು ನೇತಾಡುತ್ತದೆ.

ಮೊದಲು ದಾರ ಕಡಿಯಿತು, ದಡಿ ಸೊಟ್ಟಾಯಿತು. ಬಿಚ್ಚಿದೆ, ಮತ್ತೆ ನೇಯ್ದೆ. ನೇಯುತ್ತಾ ಹೋದಂತೆ ಸೊಟ್ಟಾಯಿತೇನೋ ಎಂಬ ಅಂಜಿಕೆ. ಕೈ ನಿಲ್ಲಿಸಿ, ನೇಯ್ದ ಬಟ್ಟೆಯನ್ನು ಅಂಗೈಯಿಂದ ಸವರಿ ನೋಡಿದೆ. ಸರಿಯಿದೆ. ಮತ್ತೆ ಲಾಳಿ ಹೊಡೆದೆ. ಅಷ್ಟಿಷ್ಟು ನೇಯ್ದು ಮತ್ತೆ ನಿಲ್ಲಿಸಿ ಸವರಿದೆ. ಹೊರಗೆ ಗಾಳಿ ಇಳಿದಿತ್ತು. ಯಾರನ್ನೂ ಅಣಕಿಸುವ ಮನಸ್ಸು ನನಗಿರಲಿಲ್ಲ, ಶಿವನಾಣೆ.

ಅಡುಗೆಮನೆಯಿಂದ ಅವ್ವ ಕೂಗಿದಳು: "ಈರಣ್ಣಾ, ರೊಟ್ಟಿ ಆರತಾವ, ಏಳೋ."

ನನ್ನ ಕೈ ನಿಂತಿತು. ಒಳಗೂ ಎಲ್ಲ ನಿಂತಿತು. ರೊಟ್ಟಿ ತಟ್ಟುವ ಸದ್ದೂ ಇಲ್ಲ, ಬಳೆಯ ಸದ್ದೂ ಇಲ್ಲ. ಆಮೇಲೆ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಲಿಲ್ಲ, ಮಗ್ಗವನ್ನು ನೋಡಿದಳು.

"ನಿಲ್ಲಸಬ್ಯಾಡ," ಅಂದಳು. "ಹಂಗ ನೇಯಿ."